ತುಂಡುಗೆರೆಯ ದಾರಿ

ಕಿತ್ತೂರಿನ ಭಾಷಣ ಮುಗಿದು, ಜನ ಚಹಾ ಕುಡಿದು ಚದುರಿದ ಮೇಲೆ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಇಮಾಮಹುಸೇನ ಒಂದು ಕುರ್ಚಿಯ ಮುಂದೆ ನಿಂತುಬಿಟ್ಟ. ಬೈಲಹೊಂಗಲದಲ್ಲಿ ಅವನದು ಪೆಂಡಾಲು, ಮೈಕು, ಕುರ್ಚಿ ಬಾಡಿಗೆಗೆ ಕೊಡುವ ಧಂದೆ. ಮೂವತ್ತು ವರ್ಷದಿಂದ ಮದುವೆ, ಸೀಮಂತ, ಚುನಾವಣಾ ಸಭೆ ಎಲ್ಲ ಕಂಡ ಮನುಷ್ಯ. ಕುರ್ಚಿಯ ಮೇಲೆ ಪಾಯಸ ಚೆಲ್ಲಿದ್ದು, ಕೂಸು ಉಚ್ಚೆ ಹೊಯ್ದದ್ದು, ಯಾರೋ ಎಲೆ ಅಡಿಕೆ ಉಗುಳಿದ್ದು ಯಾವುದೂ ಅವನಿಗೆ ಹೊಸದಲ್ಲ. ಆದರೆ ಈ ಕುರ್ಚಿಯ ತಗ್ಗಿನಲ್ಲಿ ಒಂದು ಬೊಗಸೆ ನೀರು ನಿಂತಿತ್ತು. ಹೊರಗೆ ಫೆಬ್ರುವರಿಯ ಒಣ ಬಿಸಿಲು. ಸಭೆಯಲ್ಲಿ ಕುಡಿಯುವ ನೀರು ಇಟ್ಟದ್ದು ಬಾಗಿಲ ಹತ್ತಿರ, ಇಲ್ಲಿಂದ ಮೂವತ್ತು ಹೆಜ್ಜೆ ದೂರ.

"ಸಾಹೇಬ್ರ, ನಿಮ್ಮ ಹಿಂದ ಯಾರ ಕುಂತಿದ್ರು?" ಎಂದು ಅವನು ಕೇಳಿದ.

"ನನ್ನ ಕಣ್ಣು ಮುಂದ ಅದಾವೋ ಮಾರಾಯಾ, ಹಿಂದ ಇಲ್ಲ," ಎಂದ ನಿಜಗುಣಪ್ಪ, ನಕಾಶೆಗಳ ಸುರುಳಿಯನ್ನು ಕಂಕುಳಲ್ಲಿ ಸರಿಮಾಡಿಕೊಳ್ಳುತ್ತ. ಇಮಾಮಹುಸೇನ ಕುರ್ಚಿ ಬಗ್ಗಿಸಿ ನೀರು ಚೆಲ್ಲಿದ. ಅಲ್ಲಿಗೆ ಆ ಮಾತು ಮುಗಿಯಿತು ಎಂದೇ ಇಬ್ಬರೂ ತಿಳಿದರು.

ನಿಜಗುಣಪ್ಪ ನಗರ ಯೋಜನೆಯ ಕಚೇರಿಯೊಂದರಲ್ಲಿ ಮೂವತ್ನಾಲ್ಕು ವರ್ಷ ನಕಾಶೆ ಬರೆದವನು. ದೊಡವಾಡದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಬೈಲಹೊಂಗಲದಲ್ಲಿ ಮನೆ ಕಟ್ಟಿಸಿ, ನಿವೃತ್ತನಾಗಿ ಏಳು ವರ್ಷ ಮೂಲೆಯಲ್ಲಿ ಕೂತಿದ್ದ. ಇನ್ನು ನನ್ನನ್ನು ಕೇಳುವವರು ಯಾರೂ ಇಲ್ಲ ಎಂದುಕೊಂಡಿರುವಾಗ ಧಾರವಾಡದಿಂದ ಶೈಲಜಾ ಎಂಬ ಹೆಣ್ಣುಮಗಳು ಅವನ ಮನೆ ಹುಡುಕಿಕೊಂಡು ಬಂದಳು. ಮೂಲತಃ ಸವದತ್ತಿಯ ಕಡೆಯವಳು, ಊರುಗಳ ವಿನ್ಯಾಸ ಕಲಿತವಳು. ಕಿತ್ತೂರು, ಸವದತ್ತಿ, ರಾಮದುರ್ಗ, ಕೊನೆಗೆ ಬೈಲಹೊಂಗಲ, ತಿಂಗಳಿಗೊಂದು ಊರಿನಂತೆ 'ಊರು, ನೀರು, ನೆರಳು' ಎಂಬ ಸಾರ್ವಜನಿಕ ಭಾಷಣಗಳನ್ನು ಏರ್ಪಡಿಸಿದ್ದಳು. ಆಮಂತ್ರಣ ಪತ್ರಿಕೆಯಲ್ಲಿ ಅವಳ ಹೆಸರಿನ ಕೆಳಗೆ 'ಭೂದೃಶ್ಯ ವಿನ್ಯಾಸಕಿ' ಎಂದು ಅಚ್ಚಾಗಿತ್ತು. ಜನ ಅದನ್ನು ಓದಿ ಗಿಡ ಹಚ್ಚುವ ಹೆಂಗಸು ಎಂದು ಅರ್ಥ ಮಾಡಿಕೊಂಡರು, ಅದೇನೂ ತೀರ ತಪ್ಪಲ್ಲ.

ಶೈಲಜಾಳ ಮಾತು ಕೇಳುವಂತಿತ್ತು. ಪರದೆಯ ಮೇಲೆ ಬಣ್ಣದ ಚಿತ್ರ ಹಾಕಿ, ಮಧ್ಯಾಹ್ನ ಎರಡಕ್ಕೆ ತಗಡಿನ ಮಾಡು ಎಷ್ಟು ಕಾದಿರುತ್ತದೆ, ಡಾಂಬರು ಎಷ್ಟು, ಬೇವಿನ ಗಿಡದ ಬುಡ ಎಷ್ಟು ಎಂದು ತೋರಿಸುತ್ತಿದ್ದಳು. "ಇದು ನೋಡ್ರಿ ನಿಮ್ಮ ಬಸ್ ಸ್ಟ್ಯಾಂಡ್. ರೊಟ್ಟಿ ಹಂಚಿಗೂ ಇದಕ್ಕೂ ಭಾಳ ಫರಕಿಲ್ಲ," ಎಂದರೆ ಹಿಂದಿನಿಂದ ಒಬ್ಬ, "ಹಂಗಾದ್ರ ಬಸ್ ಬರೂತನಕಾ ಅಲ್ಲೇ ರೊಟ್ಟಿ ಬೇಯಿಸ್ತೇವ್ರಿ," ಎನ್ನುತ್ತಿದ್ದ. ಜನ ನಗುತ್ತಿದ್ದರು. ಕರಿಮಣ್ಣಿನ ಎರಿ ನೆಲ ಹೇಗೆ ನೀರು ಕುಡಿದು ಉಬ್ಬುತ್ತದೆ, ಅದರ ಮೇಲೆ ಅಂಗಳವೆಲ್ಲ ಕಾಂಕ್ರೀಟು ಹಾಕಿದರೆ ಆ ನೀರು ಎಲ್ಲಿಗೆ ಹೋಗಬೇಕು, ಮಳೆ ಮೊದಲಿನಂತೆ ಹದಿನೈದು ದಿನ ಬಾರದೆ ಒಂದೇ ಮಧ್ಯಾಹ್ನ ಸುರಿದು ಹೋದರೆ ಊರು ಏನು ಮಾಡಬೇಕು ಎಂದೆಲ್ಲ ಹೇಳಿ, ಆಮೇಲೆ ನಿಜಗುಣಪ್ಪನ ಹಳೆಯ ನಕಾಶೆಗಳನ್ನು ಪರದೆಗೆ ಹಾಕುತ್ತಿದ್ದಳು. "ಇವು ಕಂಪ್ಯೂಟರಿನ್ಯಾಗ ಬರದದ್ದಲ್ರಿ. ಈ ಸರ್ ಬಿಸಲಾಗ ನಡದು, ಸರಪಳಿ ಹಿಡದು ಅಳದು ಬರದದ್ದು. ಇವನ್ನ ನಂಬಿ ನಾವು ಮುಂದಿನ ಊರು ಕಟ್ಟಬಹುದು." ಅಷ್ಟು ಹೇಳಿ ಅವನಿಗೊಂದು ಶಾಲು ಹೊದಿಸುತ್ತಿದ್ದಳು.

ಏಳು ವರ್ಷ ಯಾರೂ ಕೇಳದ ಮನುಷ್ಯನಿಗೆ ಶಾಲು ಎಂದರೆ ಸಣ್ಣ ಮಾತಲ್ಲ. ನಿಜಗುಣಪ್ಪ ಒಳಗೊಳಗೇ ಹಿಗ್ಗಿದ. ಆದರೆ 'ಇವನ್ನ ನಂಬಿ' ಎಂಬ ಮಾತು ಬಂದಾಗ ಅವನು ಪರದೆಯಿಂದ ಕಣ್ಣು ತೆಗೆದ. ಯಾಕೆಂದರೆ ಆ ನಕಾಶೆಗಳಲ್ಲಿ ಒಂದು ಸುಳ್ಳು ಹೇಳುತ್ತಿತ್ತು, ಮತ್ತು ಅದು ಅವನೊಬ್ಬನಿಗೇ ಗೊತ್ತಿತ್ತು.

ಸವದತ್ತಿಯ ಭಾಷಣ ಮಾರ್ಚಿನಲ್ಲಿ, ಒಂದು ಶಾಲೆಯ ಸಭಾಂಗಣದಲ್ಲಿ. ಶಾಲು ಹೊದ್ದುಕೊಂಡು ಎರಡನೇ ಸಾಲಿನ ತನ್ನ ಜಾಗಕ್ಕೆ ಬಂದು ಕುಳಿತಾಗ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತಿತು. ನಿಂತ ಮೇಲೂ ಅವನ ಬೆನ್ನ ಹಿಂದೆ ಒಬ್ಬರು ತಟ್ಟುತ್ತಲೇ ಇದ್ದರು. ಟಪ, ಟಪ, ಟಪ. ಅರೆ ಗಳಿಗೆ ಬಿಟ್ಟು ಮತ್ತೆ ಟಪ, ಟಪ, ಟಪ. ಯಾರು ಇಷ್ಟು ಅಭಿಮಾನಿಗಳು ಎಂದು ನಗುಮುಖದಿಂದಲೇ ಕಿವಿಗೊಟ್ಟ. ಮೂರನೇ ಸಲಕ್ಕೆ ನಗು ಹಾರಿಹೋಯಿತು. ಅದು ಚಪ್ಪಾಳೆಯ ಸದ್ದಾಗಿರಲಿಲ್ಲ. ಜೋಳದ ಹಿಟ್ಟಿನ ಮುದ್ದೆಯನ್ನು ತಟ್ಟಿ, ಅಂಗೈಯಿಂದ ತಿರುಗಿಸಿ, ಮತ್ತೆ ತಟ್ಟುವ ಸದ್ದು. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ. ನಿಜಗುಣಪ್ಪ ತಿರುಗಿ ನೋಡಿದ. ಕುರ್ಚಿ ಖಾಲಿ ಇತ್ತು, ಅದರ ತಗ್ಗಿನಲ್ಲಿ ನೀರು ನಿಂತಿತ್ತು.

ಸಭೆ ಮುಗಿದ ಮೇಲೆ ಇಮಾಮಹುಸೇನನೇ ಹತ್ತಿರ ಬಂದ. "ನನ್ನ ಕುರ್ಚಿಗೆಲ್ಲಾ ನಂಬರ್ ಬರಸೇನ್ರಿ. ಕಿತ್ತೂರಾಗ ನೂರಾ ನಾಕು, ಇವತ್ತ ಮೂವತ್ತೊಂದು. ಕುರ್ಚಿ ಬ್ಯಾರೆ ಬ್ಯಾರೆ ಅದಾವು, ಜಾಗಾ ಒಂದ ಐತಿ. ನೀವು ಎಲ್ಲಿ ಕುಂತಿರ್ತೀರಿ, ಅದರ ಹಿಂದಿಂದು."

"ಮ್ಯಾಲ ಪೈಪ್ ಸೋರತಿರಬೇಕು," ಎಂದ ನಿಜಗುಣಪ್ಪ.

ಇಮಾಮಹುಸೇನ ಮೇಲೆ ನೋಡಿದ. ಹಂಚಿನ ಮಾಡು, ಒಂದು ಫ್ಯಾನು, ಒಂದು ಗುಬ್ಬಿ. "ಹೂಂನ್ರಿ, ಸೋರತಿರಬೇಕು," ಎಂದ. ಹಿರಿಯರ ಮಾತಿಗೆ ಎದುರಾಡುವವನಲ್ಲ ಅವನು, ಆದರೆ ಆ ಕುರ್ಚಿಯನ್ನು ಉಳಿದವುಗಳ ಜೊತೆ ಪೇರಿಸದೆ ಬೇರೆ ಇಟ್ಟ.

ನಿಜಗುಣಪ್ಪನಿಗೆ ಆ ಕೈಯ ಸದ್ದು ಯಾರದೆಂದು ಗೊತ್ತಿತ್ತು. ಬೈಲಹೊಂಗಲದ ಹೊಸ ಪ್ಲಾಟು ಎಂಬ ಬಡಾವಣೆಯಲ್ಲಿ ಬಾಯವ್ವ ಎಂಬ ಹೆಂಗಸು ರೊಟ್ಟಿ ಮಾಡಿ ಮಾರುತ್ತಿದ್ದಳು. ಖಾನಾವಳಿಗಳಿಗೆ, ಹಾಸ್ಟೆಲಿಗೆ, ಅಡಿಗೆ ಬೇಸರವಾದ ಮನೆಗಳಿಗೆ ಅವಳ ರೊಟ್ಟಿಯೇ. ಅವಳ ರೊಟ್ಟಿಯ ಕೋಣೆ ರಸ್ತೆಗಿಂತ ಮೂರು ಅಡಿ ತಗ್ಗಿನಲ್ಲಿತ್ತು. ಕಟ್ಟಿದಾಗ ಸಮವಾಗಿಯೇ ಇತ್ತು, ವರ್ಷವರ್ಷ ಡಾಂಬರಿನ ಮೇಲೆ ಡಾಂಬರು ಸುರಿದು ರಸ್ತೆ ಏರಿತು, ಕೋಣೆ ಕೆಳಗುಳಿಯಿತು. ನಾಲ್ಕು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಚಿತ್ತಿ ಮಳೆ ಮೇಲಿನ ಹೊಲಗಳ ಕಡೆ ಕೊಡ ಬೋರಲು ಹಾಕಿದಂತೆ ಹೊಡೆದು, ನಾಲ್ಕೂವರೆಗೆ ಆ ರಸ್ತೆಯ ಮೇಲೆ ಎದೆಮಟ್ಟ ನೀರು ಬಂತು. ಬಾಯವ್ವ ಹಿಟ್ಟಿನ ಚೀಲಗಳನ್ನು ಅಟ್ಟಕ್ಕೇರಿಸಲು ಒಳಗೆ ಹೋಗಿದ್ದಳು. ಬಾಗಿಲು ಹೊರಗೆ ತೆರೆಯುವಂಥದು, ಹೊರಗಿನ ನೀರು ಅದನ್ನು ಒತ್ತಿ ಹಿಡಿಯಿತು. ಮರುದಿನ ನೀರಿಳಿದ ಮೇಲೆ ಕೋಣೆಯ ತುಂಬ ನೆನೆದ ಹಿಟ್ಟು ಗೋಡೆಗೆ ಮೆತ್ತಿಕೊಂಡಿತ್ತು ಎಂದು ಊರೆಲ್ಲ ಹೇಳಿತು.

ಗಟಾರ ಕಟ್ಟಿಕೊಂಡದ್ದರಿಂದ ಹೀಗಾಯಿತು ಎಂದು ಸರಕಾರಿ ಕಾಗದದಲ್ಲಿ ಬರೆದರು. ಪ್ಲಾಸ್ಟಿಕ್ ಚೀಲ ಒಗೆಯುವ ಜನರನ್ನು ಬೈದರು. ದೊಡ್ಡ ಗಟಾರ ಕಟ್ಟಿದರು. ಅಲ್ಲಿಗೆ ಊರು ಕೈತೊಳೆದುಕೊಂಡಿತು.

ಆದರೆ ಆ ರಸ್ತೆ ರಸ್ತೆಯೇ ಅಲ್ಲ, ಹಳ್ಳ. ಮೂವತ್ತೊಂದು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ನಿಜಗುಣಪ್ಪ ಅದನ್ನು ಅಳೆಯಲು ಹೋದಾಗ ಹಳ್ಳದ ತಳದಲ್ಲಿ ಬಂಡಿಗಳು ಹೋಗುತ್ತಿದ್ದವು. ಎರಿ ಸೀಮೆಯಲ್ಲಿ ಅದೇ ರೂಢಿ. ಹೊಲದ ಮಣ್ಣು ಬಂಡಿಯ ಗಾಲಿಯನ್ನು ನುಂಗುತ್ತದೆ, ಹಳ್ಳದ ಉಸುಕು ಗಟ್ಟಿ, ಆದ್ದರಿಂದ ಎಂಟು ತಿಂಗಳು ಹಳ್ಳವೇ ದಾರಿ. ದೊಡವಾಡದಲ್ಲಿ ಅವನ ಅಪ್ಪನ ಹೊಲಕ್ಕೂ ಹಾಗೆಯೇ ಹೋಗುತ್ತಿದ್ದರು. 'ದಾರಿ ಬಂದೈತಿ' ಎಂದರೆ ಮಳೆಗಾಲದಲ್ಲಿ ನೀರು ಬಂದಿದೆ ಎಂದೇ ಅರ್ಥ. ದಾರಿ ಬೇರೆ ಹಳ್ಳ ಬೇರೆ ಎಂದು ಅವನ ಮನಸ್ಸಿಗೆ ಯಾವತ್ತೂ ಹೊಳೆದಿರಲಿಲ್ಲ. ಆದರೆ ಹಾಳೆಯ ಮೇಲೆ ಎರಡರಲ್ಲಿ ಒಂದನ್ನೇ ಬರೆಯಬೇಕು. ಹಳ್ಳವಾದರೆ ನೀಲಿ ಗೆರೆ, ಬಂಡಿ ದಾರಿಯಾದರೆ ಪಕ್ಕಪಕ್ಕ ಬಿಟ್ಟುಬಿಟ್ಟು ಎಳೆದ ಎರಡು ತುಂಡುಗೆರೆ. ಕಣ್ಣ ಮುಂದೆ ಬಂಡಿಗಳಿದ್ದವು, ಗಾಲಿಯ ಜಾಡಿತ್ತು, ನೀರಿನ ಹನಿ ಇರಲಿಲ್ಲ. ಅವನು ತುಂಡುಗೆರೆ ಎಳೆದ. ಯಾರ ಒತ್ತಾಯವೂ ಇರಲಿಲ್ಲ, ಯಾರ ಆಸೆಯೂ ಇರಲಿಲ್ಲ. ಮುಂದೆ ಎರಡು ವರ್ಷಕ್ಕೆ ಅದೇ ಹಾಳೆಯ ಮೇಲೆ ಪ್ಲಾಟು ಬಿದ್ದವು, ತುಂಡುಗೆರೆ ಮೂವತ್ತು ಅಡಿ ರಸ್ತೆಯಾಯಿತು. ಆಗ ಅವನಿಗೆ ಹೊಳೆಯಿತು. ಆಗ ಅವನು ಹೇಳಲಿಲ್ಲ. ಮೇಲಿನವರ ಸಹಿ ಬಿದ್ದಿತ್ತು, ತನ್ನ ಬಡ್ತಿಯ ಕಾಗದ ಓಡಾಡುತ್ತಿತ್ತು, ಮತ್ತು ಹಳ್ಳದಲ್ಲಿ ಆ ಎರಡು ವರ್ಷ ನೀರೂ ಬಂದಿರಲಿಲ್ಲ.

ಬಾಯವ್ವ ಸತ್ತ ದಿನ ಅವನು ಮಾಳಿಗೆಯ ಮೇಲೆ ನಿಂತಿದ್ದ. ಎರಡು ಗಂಟೆಗೆ ಮೂಡಣದಲ್ಲಿ, ಮೇಲಿನ ಹೊಲಗಳ ಕಡೆ, ಮೋಡ ಕಟ್ಟಿತ್ತು. ಹೆಂಡತಿ ಸೋಮವ್ವ ಊಟಕ್ಕೆ ಎರಡು ಸಲ ಕರೆದಳು, 'ಬಂದೆ' ಎಂದ, ಇಳಿಯಲಿಲ್ಲ. ಆ ಮಧ್ಯಾಹ್ನವನ್ನು ನೆನೆದಾಗಲೆಲ್ಲ ಅವನ ಮನಸ್ಸು ಮೋಡದಿಂದ ನೆಟ್ಟಗೆ ನಾಲ್ಕೂವರೆಗೆ ಜಿಗಿಯುತ್ತಿತ್ತು. ತನ್ನ ತಪ್ಪನ್ನೆಲ್ಲ ಅವನು ಆ ಎರಡು ತುಂಡುಗೆರೆಗಳ ಮೇಲೆ ಹೇರಿದ್ದ. ಕಾಗದದ ತಪ್ಪು ಕಾಗದದಷ್ಟೇ ಹಗುರ ಎಂದು ಕೆಲವು ದಿನ ಅನಿಸುತ್ತಲೂ ಇತ್ತು.

ಏಪ್ರಿಲಿನಲ್ಲಿ ರಾಮದುರ್ಗಕ್ಕೆ ಹೋಗುವಾಗ ಶೈಲಜಾ ಕಾರಿನಲ್ಲಿ ಅವನಿಗೊಂದು ಚಿತ್ರ ತೋರಿಸಿದಳು. ಬೈಲಹೊಂಗಲದ ಹೊಸ ಪ್ಲಾಟಿನ ತುದಿಯಲ್ಲಿ, ಆ ರಸ್ತೆ ಮುಗಿಯುವಲ್ಲಿ ಬಿಟ್ಟ ಖಾಲಿ ಜಾಗದಲ್ಲಿ, ಒಂದು ಅಂಗನವಾಡಿ. ಸುತ್ತ ಹೊಂಗೆ, ಬೇವು, ಮಕ್ಕಳು ಆಡಲು ಉಸುಕಿನ ಅಂಗಳ, ಬಿಸಿಲು ತಾಕದ ಪಡಸಾಲೆ. ನಲವತ್ತು ಮಕ್ಕಳಿಗೆ ಜಾಗ. ನಿಜಕ್ಕೂ ಚೆಂದದ ಚಿತ್ರ, ಅವಳ ಕೈಯಲ್ಲಿ ಕಲೆ ಇತ್ತು. "ಕಡೀ ಭಾಷಣದಾಗ ಇದನ್ನ ಜನರ ಮುಂದ ಇಡತೇನ್ರಿ. ಕೈ ಎತ್ತಿ ಒಪ್ಪಿದ್ರಂದ್ರ ಮರುದಿನ ಫೈಲ್ ಹೊಂಟತು. ನಿಮ್ಮ ನಕಾಶಿ ಇರದಿದ್ರ ಈ ಜಾಗಾ ನಂಗ ಸಿಗತಿರಲಿಲ್ಲ." ಆಮೇಲೆ ಗಾಡಿ ತಿರುಗಿಸುತ್ತ ಸಹಜವಾಗಿ ಕೇಳಿದಳು: "ಇದು ಮೊದಲಿಂದ ದಾರೀನ ಏನ್ರಿ ಸರ್? ನೀರು ಗೀರು ಹರೀತಿದ್ದಿಲ್ಲಲ್ಲ?"

ನಿಜಗುಣಪ್ಪ ಕಿಟಕಿಯ ಹೊರಗೆ ನೋಡಿದ. ಹೊಲಗಳು ಬಿರುಕುಬಿಟ್ಟು ಮಲಗಿದ್ದವು.

"ದಾರೀನರಿ," ಎಂದ.

ನಾಲಿಗೆ ಅಷ್ಟು ಸಲೀಸಾಗಿ ಹೊರಳಿದ್ದು ಕಂಡು ಅವನಿಗೇ ಹೇಸಿಕೆಯಾಯಿತು. ಮೂವತ್ತೊಂದು ವರ್ಷದ ಹಿಂದಿನದು ತಿಳಿಯದೆ ಆದದ್ದು ಎಂದು ಹೇಳಿಕೊಳ್ಳಬಹುದಿತ್ತು. ಇದು ಇವತ್ತಿನದು, ತಿಳಿದು ಹೇಳಿದ್ದು, ನಲವತ್ತು ಮಕ್ಕಳ ತಲೆಯ ಮೇಲೆ. ಈಗಲೇ ತಿದ್ದಿ ಹೇಳೋಣ ಎಂದು ಬಾಯಿ ತೆರೆದ. ಆದರೆ ಹೇಳಿದರೆ ಬಾಯವ್ವನ ಹೆಸರು ಬರುತ್ತದೆ, ಶಾಲು ಹೊದಿಸಿದ ಜನ ನಾಳೆ ಬೀದಿಯಲ್ಲಿ ಕಂಡು ಮುಖ ತಿರುಗಿಸುತ್ತಾರೆ. ರಾಮದುರ್ಗ ಬರುವತನಕ ಅವನು ಬಾಯಿ ಮುಚ್ಚಿಕೊಂಡೇ ಕುಳಿತ.

ರಾಮದುರ್ಗದ ಜನ ಹೊಳೆಯ ದಂಡೆಯವರು, ನೀರಿನ ಮಾತು ಅವರಿಗೆ ಕಲಿಸಬೇಕಾಗಿಲ್ಲ. ಶೈಲಜಾ ಪ್ರವಾಹದ ಬಗ್ಗೆ ಮಾತಾಡುತ್ತಿರುವಾಗ ನೂರಬಿ ಎಂಬ ನೇಕಾರರ ಮನೆಯ ಮುದುಕಿ ಎದ್ದು ನಿಂತಳು. "ಬಾಯಾರ, ನಮ್ಮ ಹೊಳಿಗೆ ನೀರು ಬಿಡೂ ಮುಂದ ಡ್ಯಾಮಿನವ್ರು ಹೇಳತಾರು, ಡಂಗುರಾ ಸಾರತಾರು, ನಾವು ಗಂಟು ಮೂಟಿ ಕಟ್ಟತೇವು. ಈ ಸಣ್ಣ ಸಣ್ಣ ಹಳ್ಳ ಬಂದ್ರ ಯಾರ ಹೇಳಬೇಕ್ರಿ?"

"ಚಲೋ ಪ್ರಶ್ನೆ ಅದರಿ," ಎಂದಳು ಶೈಲಜಾ. "ಹಳ್ಳ ಎಲ್ಲಿ ಐತಿ ಅಂತ ಗೊತ್ತಿದ್ದವ್ರು ಹೇಳಬೇಕು."

ಆಗ ನಿಜಗುಣಪ್ಪನ ಬೆನ್ನ ಹಿಂದಿನಿಂದ ವಾಸನೆ ಬಂತು. ನೆನೆದು ಹುಳಿತ ಜೋಳದ ಹಿಟ್ಟಿನ ವಾಸನೆ. ಮೊದಲು ತೆಳ್ಳಗೆ, ಆಮೇಲೆ ದಟ್ಟವಾಗಿ, ಉಸಿರಾಡಲು ಜಾಗವಿಲ್ಲದಂತೆ. ಅವನ ಅಂಗಿಯ ಕಾಲರಿನ ಮೇಲೆ, ಕುತ್ತಿಗೆಗೆ, ತಣ್ಣಗೆ ಒಂದು ಹನಿ ಬಿತ್ತು. ಅವನು ತಿರುಗಲಿಲ್ಲ. ಭಾಷಣ ಮುಗಿಯುವತನಕ ಮುಕ್ಕಾಲು ತಾಸು, ಮಂಡಿಯ ಮೇಲೆ ಎರಡೂ ಕೈ ಒತ್ತಿ ಹಿಡಿದು, ಪರದೆಯ ಮೇಲಿನ ಗಿಡಗಳನ್ನು ನೋಡುತ್ತ ಕುಳಿತ. ಅಂಜಿಕೆ ಎಂದರೆ ಏನೆಂದು ಅರವತ್ತೇಳನೆಯ ವಯಸ್ಸಿಗೆ ಅವನಿಗೆ ಸರಿಯಾಗಿ ತಿಳಿಯಿತು.

ಇಮಾಮಹುಸೇನ ಆ ಕುರ್ಚಿಯ ನೀರಿನಲ್ಲಿ ಬೆರಳದ್ದಿ ನೋಡಿದ. ಬೆರಳಿಗೆ ಬೆಳ್ಳಗೆ ಹತ್ತಿತು. "ಹಿಟ್ಟಿನ ನೀರು ಐತ್ರಿ ಸಾಹೇಬ್ರ," ಎಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ನಾ ಓದಿದಾಂವ ಅಲ್ಲ. ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಯಾರಿಗರ ಏನರ ಹೇಳೂದು ಉಳದೈತೇನ್ರಿ?"

"ನಿನ್ನ ಕೆಲಸಾ ನೀ ನೋಡು," ಎಂದುಬಿಟ್ಟ ನಿಜಗುಣಪ್ಪ. ದಾರಿಯುದ್ದಕ್ಕೂ ಆ ಮಾತಿಗೆ ಪಶ್ಚಾತ್ತಾಪಪಟ್ಟ, ಆದರೆ ತಿರುಗಿ ಹೋಗಿ ಒಂದು ಒಳ್ಳೆಯ ಮಾತು ಆಡಲಿಲ್ಲ.

ಬೈಲಹೊಂಗಲದ ಭಾಷಣ ಮೇ ತಿಂಗಳ ಎರಡನೇ ರವಿವಾರ ಸಂಜೆ ಐದಕ್ಕೆ. ಸ್ವಂತ ಊರು, ಆದ್ದರಿಂದ ಸಭೆ ಕಿಕ್ಕಿರಿದಿತ್ತು. ಹೊಸ ಪ್ಲಾಟಿನವರು ಮೂರು ಸಾಲು ತುಂಬಿದ್ದರು. ಅವರ ನಡುವೆ ಬಾಯವ್ವನ ಮಗಳು ಮಹಾನಂದಾ ಇದ್ದಳು, ಮೊಣಕೈಯವರೆಗೆ ಹಿಟ್ಟಿನ ಬಿಳುಪು ಸರಿಯಾಗಿ ತೊಳೆಯದೆ, ಕೆಲಸ ಬಿಟ್ಟು ಹಾಗೇ ಬಂದವಳಂತೆ. ಅವ್ವ ಹೋದ ಮೇಲೆ ಆ ರೊಟ್ಟಿಯ ಕೆಲಸವನ್ನು ಅವಳೇ ನಡೆಸುತ್ತಿದ್ದಳು, ಅದೇ ರಸ್ತೆಯಲ್ಲಿ, ಈಗ ಮಾಳಿಗೆಯ ಮೇಲೆ. ಅವಳ ನಾಲ್ಕು ವರ್ಷದ ಮಗಳು ಅಂಗನವಾಡಿಗೆ ಹೋಗುವವಳು ಎಂದು ಪಕ್ಕದವರು ಮಾತಾಡಿಕೊಳ್ಳುತ್ತಿದ್ದರು.

ನಿಜಗುಣಪ್ಪ ಜಾಣತನ ಮಾಡಿದ. ಕೊನೆಯ ಸಾಲಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕುಳಿತ. ಹಿಂದೆ ಕುರ್ಚಿಯೇ ಇಲ್ಲದಿದ್ದರೆ ಯಾರು ಕೂಡುತ್ತಾರೆ, ನೋಡೋಣ ಎಂದುಕೊಂಡ. ಅರ್ಧ ತಾಸು ಏನೂ ಆಗಲಿಲ್ಲ. ಶೈಲಜಾ ನೆರಳಿನ ಬಗ್ಗೆ ಮಾತಾಡಿದಳು, ಬಾವಿಗಳ ಬಗ್ಗೆ ಮಾತಾಡಿದಳು, ಜನ ಬೀದಿನಾಯಿಯ ಬಗ್ಗೆ ಕೇಳಿದರು. ಅವನ ಎದೆ ಹಗುರಾಯಿತು. ಅಷ್ಟರಲ್ಲಿ ಅವಳು ಅವನ ಹೆಸರು ಹಿಡಿದು ವೇದಿಕೆಗೆ ಕರೆದಳು.

ವೇದಿಕೆಯ ಮೇಲೆ ಅವನ ಹಿಂದೆ ಪರದೆ ಇತ್ತು. ಪರದೆಯ ತುಂಬ ಅವನ ಹಾಳೆ, ಹಾಳೆಯ ನಡುವೆ ಎರಡು ತುಂಡುಗೆರೆ, ಅವುಗಳ ತುದಿಗೆ ಶೈಲಜಾ ಬರೆದ ಪುಟ್ಟ ಅಂಗನವಾಡಿ. "ಈ ರಸ್ತೆ ಮೂವತ್ತು ವರ್ಷದ ಹಿಂದೂ ಹಿಂಗ ಇತ್ತು. ಮಕ್ಕಳ ಅಂಗಳದ ನೀರು ಸರಾಗ ಈ ರಸ್ತೆಗೆ ಇಳದು ಹೋಗತೈತಿ. ಒಪ್ಪಿಗಿ ಇದ್ದವ್ರು ಕೈ ಎತ್ರಿ," ಎಂದಳು ಅವಳು. ಕೈಗಳು ಏಳತೊಡಗಿದವು. ಮಹಾನಂದಾಳ ಬಿಳಿಯ ಕೈಯೂ ಎದ್ದಿತು.

ಹುಳಿತ ಹಿಟ್ಟಿನ ವಾಸನೆ ಅವನ ಹಿಂದಿನಿಂದ, ಪರದೆಯ ಒಳಗಿನಿಂದ ಬಂತು. ಬೆನ್ನು ತೊಯ್ಯುತ್ತಿರುವುದು ಅವನಿಗೆ ತಿಳಿಯುತ್ತಿತ್ತು, ಬೆವರಿಗೆ ಅಷ್ಟು ತಂಪು ಇರುವುದಿಲ್ಲ. ಟಪ, ಟಪ ಎಂಬ ಸದ್ದು ಕಿವಿಯ ಬುಡದಲ್ಲೇ ಶುರುವಾಯಿತು. ನಿಜಗುಣಪ್ಪ ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಕೈ ಇಳಸ್ರಿ," ಎಂದ. "ಅದು ರಸ್ತೆ ಅಲ್ರಿ. ಹಳ್ಳ ಐತಿ."

ಎದ್ದ ಕೈಗಳು ಒಂದೊಂದಾಗಿ ಇಳಿದವು. ಅವನು ಎಲ್ಲವನ್ನೂ ಹೇಳಿದ. ಏಪ್ರಿಲಿನ ಬಂಡಿಗಳು, ಎರಡು ತುಂಡುಗೆರೆ, ಬಡ್ತಿಯ ಕಾಗದ, ಕಾರಿನಲ್ಲಿ ಶೈಲಜಾಳಿಗೆ ಹೇಳಿದ ಸುಳ್ಳು. "ಗಟಾರ ಕಟ್ಟಿಕೊಂಡು ಬಂದ ನೀರಲ್ರಿ ಅವು. ತಮ್ಮ ದಾರಿಲೇ ಬಂದಿದ್ವು. ಎಷ್ಟು ದೊಡ್ಡ ಗಟಾರ ಕಟ್ಟಿದ್ರೂ ಬರತಾವು. ಮಳಿ ಆದ್ರ ಅಲ್ಲೇ ಬರತಾವು ಅಂತ ನಂಗ ಪ್ಲಾಟ್ ಬಿದ್ದಾಗಿಂದ ಗೊತ್ತಿತ್ತು. ಆ ಜಾಗಾದಾಗ ಅಂಗನವಾಡಿ ಕಟ್ಟಬ್ಯಾಡ್ರಿ. ಬಾಯವ್ವ ಸತ್ತದ್ದು ನನ್ನ ಗೆರಿಯಿಂದ."

ಬೈಗುಳಕ್ಕೆ, ಚಪ್ಪಲಿಗೆ, ಯಾವುದಕ್ಕೂ ಸಿದ್ಧನಾಗಿ ತಲೆ ಬಗ್ಗಿಸಿ ನಿಂತ. ಹೊಸ ಪ್ಲಾಟಿನ ಹಿರಿಯ ಹಣಮಂತಪ್ಪ ಎದ್ದ. ಅವನು ಕೆಮ್ಮಿ, ರುಮಾಲು ಸರಿಮಾಡಿಕೊಂಡು, "ನಿಜಗುಣಪ್ಪನವರ, ಅದು ಹಳ್ಳ ಅಂತ ನಮಗ ಗೊತ್ತಿಲ್ಲೇನ್ರಿ?" ಎಂದ. "ನಾನ ಅದರಾಗ ಬಂಡಿ ಹೊಡದೇನಿ. ನಮ್ಮಪ್ಪ ಎತ್ತು ತೊಳದಾನ. ಹೊಸ ಪ್ಲಾಟಿನ ಅರ್ಧ ಮಂದಿಗೆ ಗೊತ್ತೈತಿ. ಸರಕಾರದ ಹಾಳ್ಯಾಗ ರಸ್ತೆ ಅಂತ ಐತಿ, ಇನ್ನ ಹಳ್ಳ ಬರೂದಿಲ್ಲ ಬಿಡು ಅಂತ ನಾವೂ ಮನಿ ಕಟ್ಟಿದ್ವಿ. ನಿಮ್ಮೊಬ್ಬರ ತಪ್ಪು ಏನೈತಿ ಅದರಾಗ?"

ಕೆಲವರು ನಕ್ಕರು. ಕೆಲವರು ಹೌದೆಂದು ತಲೆಯಾಡಿಸಿದರು. ಶೈಲಜಾ ನಗಲಿಲ್ಲ. ಅವಳು ಪ್ರೊಜೆಕ್ಟರ್ ಆರಿಸಿ, "ಈ ಫೈಲ್ ನಾಳೆ ಹೋಗೂದಿಲ್ರಿ. ಅಂಗನವಾಡಿಗೆ ಎತ್ತರದ ಜಾಗಾ ಹುಡುಕೂಣು," ಎಂದು ಮಾತ್ರ ಹೇಳಿದಳು, ನಿಜಗುಣಪ್ಪನ ಕಡೆ ನೋಡದೆ. ಆದರೂ ಅವನಿಗೆ ಕಾಲಿನ ಕೆಳಗೆ ನೆಲ ಸಿಕ್ಕಂತಾಯಿತು. ನಲವತ್ತು ಮಕ್ಕಳು ಉಳಿದರು, ಊರು ಅವನನ್ನು ಉಗಿಯಲಿಲ್ಲ. ಬೆನ್ನ ಹಿಂದಿನ ಸದ್ದು ನಿಂತಿತ್ತು. ಮೂವತ್ತು ವರ್ಷದ ಭಾರವನ್ನು ಇಷ್ಟು ಸುಲಭಕ್ಕೆ ಇಳಿಸಬಹುದು ಎಂದು ಗೊತ್ತಿದ್ದರೆ ಯಾವತ್ತೋ ಇಳಿಸುತ್ತಿದ್ದೆ ಎಂದುಕೊಂಡು ಅವನು ಮೈಕನ್ನು ಇಡಲು ಹೋದ.

"ಕಾಕಾರ, ಒಂದ ನಿಮಿಷ," ಎಂದಳು ಮಹಾನಂದಾ. ಅವಳು ನಿಂತಿದ್ದಳು. ದನಿ ಏರಿರಲಿಲ್ಲ. "ಗೆರಿ ಮಾತು ಬಿಡ್ರಿ. ಅದು ನಂಗ ತಿಳಿಯೂದಿಲ್ಲ. ಪ್ಲಾಟ್ ಬಿದ್ದಾಗಿಂದ ನಿಮಗ ಗೊತ್ತಿತ್ತು ಅಂದ್ರಿ. ಅಂದ್ರ ಅವತ್ತೂ ಗೊತ್ತಿತ್ತು. ಅವತ್ತ ನೀವು ಎಲ್ಲಿದ್ರಿ?"

ನಿಜಗುಣಪ್ಪ ಮೈಕನ್ನು ಮತ್ತೆ ಬಾಯಿಯ ಹತ್ತಿರ ತಂದ. "ಮನ್ಯಾಗ ಇದ್ದೆ ಬೇ."

"ಮೋಡ ನೋಡಿದ್ರೇನು?"

"ನೋಡಿದೆ."

"ಎಷ್ಟಕ್ಕ?"

"ಎರಡಕ್ಕ."

"ನಮ್ಮ ಓಣಿಗೆ ನೀರು ಬಂದದ್ದು ನಾಕೂವರಿಗೆ," ಎಂದಳು ಮಹಾನಂದಾ. "ನಿಮ್ಮ ಮನಿಯಿಂದ ನಮ್ಮ ಮನಿ ಎಷ್ಟು ದೂರ ಆಗತೈತ್ರಿ?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಆ ಪ್ಲಾಟಿನ ಪ್ರತಿ ಮೂಲೆಯನ್ನೂ ಅಳೆದವನು ಅವನೇ, ಕೇಳಿದ ಕೂಡಲೇ ಬಾಯಿ ತಾನಾಗಿಯೇ ಹೇಳಿತು. "ಎಂಟುನೂರಾ ಎಪ್ಪತ್ತು ಮೀಟರ್."

"ನಡಕೊಂತ ಬಂದ್ರ?"

"ಹನ್ನೆರಡು ನಿಮಿಷ."

ಸಭೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಹಣಮಂತಪ್ಪ ತನ್ನ ಕುರ್ಚಿಯಲ್ಲಿ ಕುಳಿತು ನೆಲ ನೋಡುತ್ತಿದ್ದ. ಅವನಿಗೂ ಗೊತ್ತಿತ್ತಲ್ಲ.

"ಯಾಕ ಬರಲಿಲ್ರಿ?" ಎಂದಳು ಮಹಾನಂದಾ.

ಮೋಡದಿಂದ ನಾಲ್ಕೂವರೆಗೆ ಜಿಗಿಯಲು ಈ ಸಲ ಅವನಿಗೆ ಸಾಧ್ಯವಾಗಲಿಲ್ಲ. ಆ ಎರಡೂವರೆ ತಾಸು ಇಡೀ ಎದುರಿಗೆ ನಿಂತಿತ್ತು. ಮಾಳಿಗೆಯ ಮೇಲೆ ನಿಂತು ಅವನು ಆ ಓಣಿಯ ಮನೆಗಳನ್ನು ಒಂದೊಂದಾಗಿ ನೋಡಿದ್ದ. ಮೆಟ್ಟಿಲ ತನಕ ಬಂದು ಮತ್ತೆ ತಿರುಗಿದ್ದ, ಒಂದು ಸಲ ಅಲ್ಲ, ಮೂರು ಸಲ.

"ಬಂದು ಹೇಳಿದ್ರ," ಎಂದ ನಿಜಗುಣಪ್ಪ, "ನಂಗ ಮೊದಲ ಗೊತ್ತಿತ್ತು ಅನ್ನೂದು ಮಂದಿಗೆ ಗೊತ್ತಾಗತಿತ್ತು ಬೇ."

ಮಹಾನಂದಾ ಅಳಲಿಲ್ಲ, ಬೈಯಲಿಲ್ಲ.

"ನೀವು ಹೊಂಟಿದ್ರ ಎರಡೂಕಾಲಕ್ಕ ನಮ್ಮ ಮನ್ಯಾಗ ಇರತಿದ್ರಿ," ಎಂದಳು. "ಯಾಕ ಗೊತ್ತಿತ್ತು, ಹೆಂಗ ಗೊತ್ತಿತ್ತು ಅಂತ ನಮ್ಮವ್ವ ಕೇಳತಿದ್ದಿಲ್ರಿ. ನಿಮಗ ಚಾ ಮಾಡಿ ಕೊಟ್ಟು, ಹಿಟ್ಟಿನ ಚೀಲಾ ಎತ್ತಾಕ ಒಂದ ಕೈ ಹಚ್ರಿ ಅಂತಿದ್ಲು."

ಅಷ್ಟು ಹೇಳಿ ಅವಳು ಕುಳಿತುಕೊಂಡಳು.